ಉಂಡೆಯಾಗುವ ಎರಡು ಹುಳಗಳು

ಮಳೆ ಹಿಡಿದ ಮೇಲೆ ಪಶ್ಚಿಮ ಘಟ್ಟದ ತೋಟಗಳಲ್ಲಿ ತರಗೆಲೆ ಸರಿಸಿದರೆ, ಮುಟ್ಟಿದೊಡನೆ ಗೋಲಿಯಂತೆ ಸುತ್ತಿಕೊಳ್ಳುವ ನುಣುಪು ಹುಳ ಸಿಗುತ್ತದೆ. ಅದು ಆರ್ತ್ರೋಸ್ಫೇರಾ, ಸಹಸ್ರಪದಿಗಳ ಬಳಗದ್ದು. ಹೂಕುಂಡದ ಅಡಿಯಲ್ಲೂ ಹೀಗೇ ಉಂಡೆಯಾಗುವ ಪುಟ್ಟ ಬೂದು ಹುಳವೊಂದಿದೆ. ನೋಡಲು ತಮ್ಮನಂತಿದ್ದರೂ ಅದು ಏಡಿ, ಸಿಗಡಿಗಳ ನೆಂಟ! ದೂರದ ಎರಡು ವಂಶಗಳು ಬೇರೆ ಬೇರೆಯಾಗಿ ಒಂದೇ ಉಪಾಯ ಕಂಡುಕೊಂಡಿವೆ. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಗುರುತಿಸಲು ಹಿಂಭಾಗ ನೋಡಿ. ಸಹಸ್ರಪದಿಗೆ ಅಲ್ಲಿ ಅಗಲವಾದ ಒಂದೇ ಗುರಾಣಿ; ಬೂದು ಹುಳಕ್ಕೆ ಒತ್ತೊತ್ತಾದ ಸಣ್ಣ ಪಟ್ಟಿಗಳು. ಉಂಡೆ ಬಿಚ್ಚುವವರೆಗೆ ಕಾದರೆ ಕಾಲುಗಳೂ ಸಾಕ್ಷಿ ಹೇಳುತ್ತವೆ. ಬೂದು ಹುಳಕ್ಕೆ 7 ಜೊತೆ ನಡೆಗಾಲು, ಖಂಡಕ್ಕೊಂದು ಜೊತೆ. ಸಹಸ್ರಪದಿಗೆ ಹೆಚ್ಚಿನ ಖಂಡಗಳಲ್ಲಿ ಎರಡೆರಡು ಜೊತೆ. ಕಡಲು ಬಿಟ್ಟು ನೆಲಕ್ಕೆ ಬಂದ ಬೂದು ಹುಳದ ಉಸಿರಾಟದ ಅಂಗಗಳು ಇಂದಿಗೂ ಹೊಟ್ಟೆಯಡಿಯಲ್ಲಿವೆ, ಅವಕ್ಕೆ ತೇವ ಬೇಕು. ತಾಯಿಹುಳ ಮೊಟ್ಟೆಗಳನ್ನೂ ಹೊಟ್ಟೆಯಡಿಯ ದ್ರವ ತುಂಬಿದ ಚೀಲದಲ್ಲೇ ಹೊರುತ್ತದೆ. ಒಣನೆಲದಲ್ಲಿ ಮರಿಗಳಿಗಾಗಿ ಹೊತ್ತೊಯ್ಯುವ ಪುಟ್ಟ ಕೊಳ ಅದು.

ಇವುಗಳಿಗಾಗಿ ತರಗೆಲೆ ಸರಿಸುವಾಗ ಜರಿಯೂ ಎದುರಾಗಬಹುದು. ಅದರ ಗುರುತು ಸುಲಭ: ಚಪ್ಪಟೆ ಮೈ, ಖಂಡಕ್ಕೆ ಒಂದೇ ಜೊತೆ ಕಾಲು, ಬಿರುಸಿನ ಓಟ. ಅದರ ಮೊದಲ ಜೊತೆ ಕಾಲುಗಳೇ ವಿಷದ ಕೊಂಡಿಗಳು, ಬರಿಗೈಯಲ್ಲಿ ಮುಟ್ಟಬೇಡಿ.