ಬಿತ್ತನೆ ಗಡ್ಡೆಯ ವಯಸ್ಸು

ಬಿತ್ತನೆ ಆಲೂಗಡ್ಡೆಗೆ ಎರಡು ವಯಸ್ಸು. ಕಿತ್ತ ದಿನದಿಂದ ಎಣಿಸುವುದು ಒಂದು. ಗಡ್ಡೆಯೊಳಗಿನ ಜೀವಕ್ರಿಯೆ ಎಷ್ಟು ದೂರ ಸಾಗಿದೆ ಎಂಬುದು ಇನ್ನೊಂದು. ಹೊಲದಲ್ಲಿ ಲೆಕ್ಕಕ್ಕೆ ಬರುವುದು ಎರಡನೆಯದು. ಅದನ್ನು ಮುಂದಕ್ಕೆ ಒಯ್ಯುವುದು ಮುಖ್ಯವಾಗಿ ಶಾಖ. ಒಂದೇ ದಿನ ಕಿತ್ತ ಗಡ್ಡೆಗಳಲ್ಲಿ ಅರ್ಧ 2ರಿಂದ 4 ಡಿಗ್ರಿ ಸೆಲ್ಸಿಯಸ್‌ನ ಶೀತಲಗೃಹದಲ್ಲೂ ಇನ್ನರ್ಧ ಹೊರಗಿನ ಸೆಕೆಯಲ್ಲೂ ಕೆಲವು ತಿಂಗಳು ಕಳೆದರೆ, ಹೊರಗಿದ್ದವು ಮುದಿಯಾಗಿರುತ್ತವೆ, ಒಳಗಿದ್ದವು ಎಳಸಾಗಿಯೇ ಇರುತ್ತವೆ. ಪೆಟ್ಟು ತಿಂದ, ರೋಗ ತಗುಲಿದ ಗಡ್ಡೆಗೂ ಬೇಗ ಮುಪ್ಪು.

ಕಿತ್ತ ಹೊಸದರಲ್ಲಿ ಗಡ್ಡೆ ಸುಪ್ತಾವಸ್ಥೆಯಲ್ಲಿರುತ್ತದೆ. ತಳಿಗೆ ತಕ್ಕಂತೆ ಸಾಮಾನ್ಯವಾಗಿ ಎರಡು ಮೂರು ತಿಂಗಳು. ಆಮೇಲೆ ತುದಿಯ ಕಣ್ಣೊಂದೇ ಮೊಳೆತು ಉಳಿದ ಕಣ್ಣುಗಳನ್ನು ಅದುಮಿಡುತ್ತದೆ. ಈ ಹಂತದಲ್ಲಿ ಬಿತ್ತಿದರೆ ಸಸಿ ತಡವಾಗಿ ಏಳುತ್ತದೆ, ಕಾಂಡಗಳು ಕಡಿಮೆ, ಗಡ್ಡೆಗಳ ಸಂಖ್ಯೆಯೂ ಕಡಿಮೆ. ಆದರೆ ಸೊಪ್ಪು ಬಹುಕಾಲ ಹಸಿರಾಗಿದ್ದು ಗಡ್ಡೆ ದಪ್ಪವಾಗುತ್ತದೆ, ದೀರ್ಘ ಹಂಗಾಮಿನಲ್ಲಿ ಒಟ್ಟು ತೂಕ ಚೆನ್ನಾಗಿ ಬರುತ್ತದೆ. ತುದಿಕಣ್ಣಿನ ಹಿಡಿತ ಸಡಿಲಿ ಹಲವು ಕಣ್ಣುಗಳು ಮೊಳೆತಾಗ ಬಿತ್ತಿದರೆ ಇದಕ್ಕೆ ತಿರುವುಮುರುವು: ಬೇಗ ಮೊಳಕೆ, ಹೆಚ್ಚು ಕಾಂಡ, ಬೇಗ ಗಡ್ಡೆ ಕಟ್ಟುವಿಕೆ, ಬೇಗ ಒಣಗುವ ಸೊಪ್ಪು, ಸಣ್ಣ ಗಾತ್ರದ ಹೆಚ್ಚು ಗಡ್ಡೆ. ಇದನ್ನೂ ದಾಟಿದ ಗಡ್ಡೆ ಸುಕ್ಕುಗಟ್ಟಿ ಎಳೆಎಳೆಯಾದ ಮೊಳಕೆ ಬಿಡುತ್ತದೆ. ತಂಪು ಮಣ್ಣಿಗೆ ಬಿದ್ದರೆ ಕೆಲವೊಮ್ಮೆ ಸಸಿ ಮೇಲಕ್ಕೇ ಬರುವುದಿಲ್ಲ. ಮೊಳಕೆಯ ಮೇಲೆಯೇ ಗೋಲಿಯಷ್ಟು ಮರಿಗಡ್ಡೆಗಳು ಕೂರುತ್ತವೆ.

ಹಾಗಾದರೆ ಯಾವ ವಯಸ್ಸು ಒಳ್ಳೆಯದು? ಉತ್ತರ ಹಂಗಾಮಿನಲ್ಲಿದೆ. ಹಾಸನ, ಚಿಕ್ಕಮಗಳೂರು ಸೀಮೆಯ ಮಳೆಯಾಶ್ರಿತ ಬೆಳೆಗೆ ಬಿತ್ತನೆ ಬರುವುದು ಬಹುಪಾಲು ಪಂಜಾಬಿನಿಂದ. ಚಳಿಗಾಲ ಮುಗಿಯುವ ವೇಳೆಗೆ ಕಿತ್ತದ್ದು ಶೀತಲಗೃಹದಲ್ಲಿದ್ದು, ಮೇ-ಜೂನ್ ಬಿತ್ತನೆಗೆ ಲಾರಿಯಲ್ಲಿ ಇಳಿಯುತ್ತದೆ. ಇಲ್ಲಿ ಬೆಳೆಗೆ ಸಿಗುವುದು ಸುಮಾರು ಮೂರು ತಿಂಗಳು; ನಡುವೆ ಜಡಿಮಳೆ ಹಿಡಿದರೆ ಅಂಗಮಾರಿ. ರೋಗ ಬರುವ ಮೊದಲೇ ಗಡ್ಡೆ ಕಟ್ಟಿರಬೇಕಾದ ಇಂಥ ಕಡೆ ಹಲವು ಕಣ್ಣು ಮೊಳೆತ ಬಿತ್ತನೆಯೇ ಲೇಸು. ಶೀತಲಗೃಹದಿಂದ ಇಳಿದ ಚೀಲವನ್ನು ನೇರ ಸಾಲಿಗೆ ಸುರಿಯುವುದು ಅವಸರದ ಕೆಲಸ. ಗಾಳಿಯಾಡುವ ನೆರಳಿನಲ್ಲಿ, ಮಂದ ಬೆಳಕು ಬೀಳುವಂತೆ ತೆಳುವಾಗಿ ಹರಡಿದರೆ ಗಿಡ್ಡ, ದಪ್ಪ, ಹಸಿರು ಮೊಳಕೆ ಬರುತ್ತದೆ. ಕತ್ತಲಲ್ಲಿ ಚೀಲದೊಳಗೇ ಮೊಳೆತದ್ದು ಉದ್ದ, ಬಿಳಿ, ಮುಟ್ಟಿದರೆ ಮುರಿಯುತ್ತದೆ. ಮುರಿದ ಮೊಳಕೆಯ ಜಾಗದಲ್ಲಿ ಮತ್ತೊಂದು ಬಂದೀತು, ಆದರೆ ಪ್ರತಿ ಸಲವೂ ಗಡ್ಡೆಯ ಕಸುವು ಇಳಿಯುತ್ತದೆ.

ದೊಡ್ಡ ಗಡ್ಡೆಯನ್ನು ಹೋಳು ಮಾಡಿ ಬಿತ್ತುವ ರೂಢಿಯಿರುವಲ್ಲಿ ವಯಸ್ಸಿನ ಪರಿಣಾಮ ಇನ್ನೂ ಬೇಗ ಕಾಣುತ್ತದೆ. ಎಳಸು ಗಡ್ಡೆಯ ಕೊಯ್ದ ಮುಖ ಬೇಗ ಸಿಪ್ಪೆಗಟ್ಟಿ ಮಾಯುತ್ತದೆ. ಮುದಿ ಗಡ್ಡೆಯ ಹೋಳು ಮಾಯುವುದು ನಿಧಾನ, ಹಸಿ ಮಣ್ಣಿನಲ್ಲಿ ಅದು ಕೊಳೆಯುವುದೇ ಹೆಚ್ಚು. ಬಿತ್ತನೆ ಮುದಿಯಾಗಿದ್ದರೆ ಸಣ್ಣ ಇಡೀ ಗಡ್ಡೆಯನ್ನೇ ಆರಿಸಿಕೊಳ್ಳುವುದು ಕ್ಷೇಮ.