ಹ್ಯಾಕಥಾನ್ ಮುಗಿದ ಮೇಲೆ

ಸರ್ಕಾರಿ ಇಲಾಖೆಗಳು ತಮ್ಮ ತೊಡಕುಗಳನ್ನು ಕಾಲೇಜು ವಿದ್ಯಾರ್ಥಿಗಳ ಮುಂದಿಟ್ಟು ‘ಬಿಡಿಸಿ ಕೊಡಿ’ ಎಂದು ಕೇಳುವ ಪರಿಪಾಠ ನಮ್ಮಲ್ಲಿ ದೊಡ್ಡ ಮಟ್ಟದಲ್ಲಿ ಶುರುವಾದದ್ದು 2017ರಲ್ಲಿ. ಆ ಏಪ್ರಿಲ್‌ನಲ್ಲಿ ನಡೆದ ಮೊದಲ ‘ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್’ನ ಅಂತಿಮ ಸುತ್ತಿನಲ್ಲಿ ಸುಮಾರು 10 ಸಾವಿರ ವಿದ್ಯಾರ್ಥಿಗಳು 36 ಗಂಟೆ ಎಡೆಬಿಡದೆ ಕೆಲಸ ಮಾಡಿದರು. ಕೇಂದ್ರದ ಇಲಾಖೆಗಳು ಸುಮಾರು 600 ಸಮಸ್ಯೆಗಳನ್ನು ಕೊಟ್ಟಿದ್ದವು. 2023ರ ಅಂತಿಮ ಸುತ್ತಿಗೆ ಬಂದವರು 12 ಸಾವಿರಕ್ಕೂ ಹೆಚ್ಚು. ಪದವಿಯವರ ಜೊತೆಗೆ ಸ್ನಾತಕೋತ್ತರ ವಿದ್ಯಾರ್ಥಿಗಳೂ ಭಾಗವಹಿಸುವ ಈ ಸ್ಪರ್ಧೆ ಈಗ ಕಾಲೇಜುಗಳ ಕ್ಯಾಲೆಂಡರಿನಲ್ಲಿ ಕಾಯಂ ಜಾಗ ಪಡೆದಿದೆ. ಇಷ್ಟು ದುಡಿಮೆಯಿಂದ ಜನರಿಗೆ ದಕ್ಕಿದ್ದೇನು ಎಂಬುದನ್ನು ತೂಗಿ ನೋಡಲು ಇದು ಸಕಾಲ.

ಮೊದಲು ಒಳ್ಳೆಯದನ್ನು ಹೇಳಬೇಕು. ಪ್ರತಿ ತಂಡದಲ್ಲಿ ಆರು ಮಂದಿ. ಅವರಲ್ಲಿ ಕನಿಷ್ಠ ಒಬ್ಬಳು ವಿದ್ಯಾರ್ಥಿನಿ ಇರಲೇಬೇಕೆಂಬುದು ನಿಯಮ. ಮೊದಲ ಆಯ್ಕೆ ಕಾಲೇಜಿನೊಳಗೇ ನಡೆಯುವುದರಿಂದ ತಾಲ್ಲೂಕು ಕೇಂದ್ರದ ಕಾಲೇಜಿಗೂ ಬಾಗಿಲು ತೆರೆದಿದೆ. ಪಠ್ಯದ ಕೊನೆಯಲ್ಲಿ ಕೊಟ್ಟ ಲೆಕ್ಕವನ್ನಷ್ಟೇ ಬಿಡಿಸಿ ಗೊತ್ತಿದ್ದವರು, ಉತ್ತರ ಯಾರಿಗೂ ತಿಳಿಯದ ಪ್ರಶ್ನೆಯನ್ನು ಇಲ್ಲಿ ಮೊದಲ ಸಲ ಎದುರಿಸುತ್ತಾರೆ. ಶಿಕ್ಷಣದ ದೃಷ್ಟಿಯಿಂದ ಇದು ಸಣ್ಣ ಸಂಗತಿಯಲ್ಲ.

ಆದರೆ ಸ್ಪರ್ಧೆಯ ಹೆಸರಿನಲ್ಲಿ ಕೊಟ್ಟ ಭರವಸೆ ಶಿಕ್ಷಣದ್ದು ಮಾತ್ರವಲ್ಲ, ಪರಿಹಾರದ್ದು. ಕೊರತೆ ಎದ್ದು ಕಾಣುವುದು ಅಲ್ಲಿ. ಸಂವಿಧಾನದ 11ನೇ ಅನುಸೂಚಿ ಪಂಚಾಯಿತಿಗಳಿಗೆಂದು ಪಟ್ಟಿ ಮಾಡಿದ 29 ವಿಷಯಗಳಲ್ಲಿ ಸಮಾಜ ಕಲ್ಯಾಣ, ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ, ಸಾರ್ವಜನಿಕ ಪಡಿತರ ವಿತರಣೆ ಮೂರೂ ಇವೆ. ಸ್ಪರ್ಧೆಗೆ ಸಮಸ್ಯೆ ಕೊಡುವವರು ಮಾತ್ರ ಬಹುಪಾಲು ಸಚಿವಾಲಯಗಳು ಮತ್ತು ಇಲಾಖೆಯ ಕೇಂದ್ರ ಕಚೇರಿಗಳು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಅಂಗನವಾಡಿ ಕಾರ್ಯಕರ್ತೆ, ನಾಡಕಚೇರಿಯ ಕಂಪ್ಯೂಟರ್ ಆಪರೇಟರ್ ಬರೆದ ಸಮಸ್ಯೆಯನ್ನು ಹುಡುಕಿ ತೆಗೆಯಬೇಕು.

ಯಾರು ಕೇಳುತ್ತಾರೆ ಎಂಬುದರ ಮೇಲೆ ಪ್ರಶ್ನೆಯೇ ಬದಲಾಗುತ್ತದೆ. ವೃದ್ಧಾಪ್ಯ ವೇತನವನ್ನೇ ನೋಡಿ. ಮೇಲಿನ ಕಚೇರಿಗೆ ಬೇಕಾದದ್ದು ಫಲಾನುಭವಿಗಳ ಅಂಕಿಅಂಶ ತೋರಿಸುವ ಡ್ಯಾಶ್‌ಬೋರ್ಡ್. ಹಳ್ಳಿಯ ಅಜ್ಜಿಗೆ ಬೇಕಾದದ್ದು ‘ಈ ತಿಂಗಳ ದುಡ್ಡು ಎಲ್ಲಿ ಹೋಯಿತು?’ ಎಂಬುದಕ್ಕೆ ಉತ್ತರ. ಆಧಾರ್ ಜೋಡಣೆಯಾದದ್ದು ಆಕೆ ಮರೆತೇಬಿಟ್ಟ ಹಳೆಯ ಖಾತೆಗೆ ಆಗಿದ್ದರೆ ಹಣ ಅಲ್ಲಿಗೆ ಹೋಗಿ ಬಿದ್ದಿರುತ್ತದೆ. ದಾಖಲೆಯಲ್ಲಿ ‘ಪಾವತಿಯಾಗಿದೆ’, ಕೈಯಲ್ಲಿ ಕಾಸಿಲ್ಲ. ಗ್ರಾಮ ಪಂಚಾಯಿತಿಗೂ ಬ್ಯಾಂಕಿಗೂ ನಾಡಕಚೇರಿಗೂ ನಡುವೆ ಆಕೆ ಅಲೆಯುವುದನ್ನು ಎಷ್ಟೇ ಚೆಂದದ ಡ್ಯಾಶ್‌ಬೋರ್ಡ್ ತಪ್ಪಿಸಲಾರದು.

ತೀರ್ಪಿನ ಮಾನದಂಡಗಳೂ ಇದೇ ಜಾಡಿನವು. ಹೊಸತನ, ಸಂಕೀರ್ಣತೆ, ಕಾರ್ಯಸಾಧ್ಯತೆ, ಸುಸ್ಥಿರತೆ, ಪರಿಣಾಮದ ವ್ಯಾಪ್ತಿ, ಬಳಕೆಯ ಅನುಭವ: ಒಂದೊಂದೂ ಸರಿಯಾದ ಮಾತೇ. ಆದರೆ ಬಳಸುವವರನ್ನು ತಂಡ ಭೇಟಿ ಮಾಡಿತೇ, ಕೌಂಟರಿನ ಮುಂದಿನ ಸಾಲಿನಲ್ಲಿ ನಿಂತಿತೇ ಎಂಬುದಕ್ಕೆ ಪ್ರತ್ಯೇಕ ಅಂಕವಿಲ್ಲ. ಸಂಕೀರ್ಣತೆಗೆ ಅಂಕ ಕೊಡುವ ಕಡೆ, ಅರ್ಜಿ ನಮೂನೆಯಿಂದ ನಾಲ್ಕು ಪ್ರಶ್ನೆ ತೆಗೆದುಹಾಕಿ ಎಂಬ ಸರಳ ಸಲಹೆ ಗೆಲ್ಲುವುದು ಕಷ್ಟ.

ಗೆದ್ದ ಮೇಲಿನ ದಾರಿ ಇನ್ನೂ ಕಡಿದು. 2023ರಲ್ಲಿ ಸಮಸ್ಯೆಯೊಂದಕ್ಕೆ 1 ಲಕ್ಷ ರೂಪಾಯಿ ಬಹುಮಾನವಿತ್ತು. ಆದರೆ ಗೆದ್ದ ಮಾದರಿಯನ್ನು ಸರ್ಕಾರಿ ಕಚೇರಿ ಕೊಳ್ಳಬೇಕಾದರೆ ಖರೀದಿ ನಿಯಮ ಅಡ್ಡ ಬರುತ್ತದೆ. ಕರ್ನಾಟಕದಲ್ಲಾದರೆ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯಡಿ ಸಾಮಾನ್ಯವಾಗಿ ಟೆಂಡರ್ ಕರೆಯಬೇಕು. ಹಿಂದಿನ ವರ್ಷಗಳ ವಹಿವಾಟು, ಅನುಭವದ ಪ್ರಮಾಣಪತ್ರ ಕೇಳಿದರೆ ಕೊನೆಯ ಸೆಮಿಸ್ಟರಿನ ಹುಡುಗಿ ಎಲ್ಲಿಂದ ತಂದಾಳು? ಅಷ್ಟರಲ್ಲಿ ತಂಡದವರು ಕೆಲಸ ಹಿಡಿದು ಬೆಂಗಳೂರು, ಪುಣೆ ಸೇರಿರುತ್ತಾರೆ. ಆಸಕ್ತಿ ತೋರಿದ ಅಧಿಕಾರಿಗೆ ವರ್ಗಾವಣೆಯಾಗಿರುತ್ತದೆ.

ಇದು ನಮ್ಮ ದೇಶದ ಕಥೆ ಮಾತ್ರವಲ್ಲ. 2008ರಲ್ಲಿ ವಾಷಿಂಗ್ಟನ್ ಡಿ.ಸಿ. ನಗರಾಡಳಿತ ‘ಆ್ಯಪ್ಸ್ ಫಾರ್ ಡೆಮಾಕ್ರಸಿ’ ಎಂಬ ಸ್ಪರ್ಧೆ ನಡೆಸಿತು. ಆಗ ಅಲ್ಲಿನ ತಂತ್ರಜ್ಞಾನ ವಿಭಾಗದ ಮುಖ್ಯಸ್ಥರಾಗಿದ್ದವರು ದೆಹಲಿಯಲ್ಲಿ ಹುಟ್ಟಿದ ವಿವೇಕ್ ಕುಂದ್ರಾ. 50 ಸಾವಿರ ಡಾಲರ್ ಖರ್ಚಿನಲ್ಲಿ 30 ದಿನಕ್ಕೆ 47 ಆ್ಯಪ್‌ಗಳು ಬಂದವು. 20 ಲಕ್ಷ ಡಾಲರಿಗೂ ಮಿಕ್ಕ ಮೌಲ್ಯದ ಕೆಲಸವಾಯಿತೆಂದು ಹೊಗಳಲಾಯಿತು, ಬೇರೆ ನಗರಗಳು ಅನುಕರಿಸಿದವು. ಆ ಆ್ಯಪ್‌ಗಳಲ್ಲಿ ಹೆಚ್ಚಿನವು ನೋಡಿಕೊಳ್ಳುವವರಿಲ್ಲದೆ ಮೂಲೆ ಸೇರಿದವು. ಮುಂದೆ ನಗರಾಡಳಿತವೇ ಸ್ಪರ್ಧೆಯನ್ನು ಕೈಬಿಟ್ಟಿತು.

ಇದರ ಪಕ್ಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಪ್ರಯೋಗವನ್ನು ಇಟ್ಟು ನೋಡಬೇಕು. ಕ್ಯಾಲಿಫೋರ್ನಿಯಾದಲ್ಲಿ ಬಡವರಿಗೆ ಆಹಾರ ನೆರವು ಕೊಡುವ ‘ಕ್ಯಾಲ್‌ಫ್ರೆಶ್’ ಯೋಜನೆಯನ್ನು ನಡೆಸುವುದು 58 ಕೌಂಟಿಗಳು, ಅಂದರೆ ಅಲ್ಲಿನ ಸ್ಥಳೀಯ ಸರ್ಕಾರಗಳು. 2013ರಲ್ಲಿ ‘ಕೋಡ್ ಫಾರ್ ಅಮೆರಿಕ’ ಸಂಸ್ಥೆಯ ಯುವ ಫೆಲೋಗಳು ಆ ನಗರದ ಸಮಾಜ ಸೇವಾ ಕಚೇರಿಯ ಜೊತೆ ಕೂತರು. 36 ಗಂಟೆಯಲ್ಲ, ಒಂದು ವರ್ಷ. ಕಷ್ಟ ಎಲ್ಲಿದೆಯೆಂದು ತಿಳಿಯಲು ತಾವೇ ನೆರವಿಗೆ ಅರ್ಜಿ ಹಾಕಿದರು. ಆನ್‌ಲೈನ್ ಅರ್ಜಿ ತುಂಬಲು ಸುಮಾರು 50 ಪುಟ ದಾಟಬೇಕಿತ್ತು, ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಕಚೇರಿಯ ಪತ್ರಗಳ ಭಾಷೆ ಯಾರಿಗೂ ಅರ್ಥವಾಗುವಂತಿರಲಿಲ್ಲ. ಆ ಕಲಿಕೆಯಿಂದ ಹುಟ್ಟಿದ ‘ಗೆಟ್‌ಕ್ಯಾಲ್‌ಫ್ರೆಶ್’ನಲ್ಲಿ ಮೊಬೈಲಿನಿಂದಲೇ ಹತ್ತು ನಿಮಿಷದೊಳಗೆ ಅರ್ಜಿ ಸಲ್ಲಿಸಬಹುದಾಯಿತು. ಕೆಲವೇ ವರ್ಷಗಳಲ್ಲಿ ಅದು ಎಲ್ಲ 58 ಕೌಂಟಿಗಳಿಗೂ ಹಬ್ಬಿತು.

ಎರಡೂ ಕಡೆ ಪ್ರತಿಭೆಗೆ ಬರವಿರಲಿಲ್ಲ. ವ್ಯತ್ಯಾಸವಿದ್ದದ್ದು ಕೊಟ್ಟ ಸಮಯದಲ್ಲಿ, ಕಚೇರಿಯೊಳಗೆ ಸಿಕ್ಕ ಜಾಗದಲ್ಲಿ ಮತ್ತು ಕೆಲಸವನ್ನು ಮುಂದೆ ನಡೆಸಲು ಒಂದು ಸಂಸ್ಥೆ ನಿಂತದ್ದರಲ್ಲಿ.

ಕರ್ನಾಟಕದಲ್ಲಿ ಈ ಮೂರನ್ನೂ ಹೊಂದಿಸುವುದು ಆಗದ ಮಾತಲ್ಲ. ಸಮಾಜಕಾರ್ಯದ ಸ್ನಾತಕೋತ್ತರ ಪದವಿ (ಎಂಎಸ್‌ಡಬ್ಲ್ಯು) ಓದುವವರು ಕ್ಷೇತ್ರಕಾರ್ಯಕ್ಕೆಂದು ಸಾಮಾನ್ಯವಾಗಿ ವಾರಕ್ಕೆ ಎರಡು ದಿನ ಸಂಸ್ಥೆಗಳಿಗೆ, ಸಮುದಾಯಗಳಿಗೆ ಹೋಗುತ್ತಲೇ ಇದ್ದಾರೆ. ಮನೆಯ ಕಷ್ಟವನ್ನು ಕೇಳಿ ದಾಖಲಿಸುವ ತರಬೇತಿ ಅವರಿಗಿದೆ. ಕೋಡ್ ಬರೆಯುವ ಕೈ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಿದೆ. ಇಬ್ಬರೂ ಒಂದೇ ತಂಡದಲ್ಲಿರಬೇಕೆಂಬ ನಿಯಮ ಬಂದರೆ ಸ್ಪರ್ಧೆಯ ಸ್ವರೂಪವೇ ಬೇರೆಯಾಗುತ್ತದೆ. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್‌ಗೆಂದೇ ಗದಗದಲ್ಲಿ ವಿಶ್ವವಿದ್ಯಾಲಯವಿದೆ. ಅದು ಸುತ್ತಲಿನ ಪಂಚಾಯಿತಿಗಳನ್ನು ಕೂಡಿಸಿಕೊಂಡು ಇಂಥದ್ದೊಂದು ಸ್ಪರ್ಧೆಯ ಮುಂದಾಳತ್ವ ವಹಿಸಬೇಕು. ಸಮಸ್ಯೆಗಳು ಗ್ರಾಮಸಭೆಯಿಂದ ಬರಲಿ. ತೀರ್ಪುಗಾರರಲ್ಲಿ ಸೇವೆ ಪಡೆಯುವವರೂ ಇರಲಿ. ಬಹುಮಾನದ ಅರ್ಧ ಅಂತಿಮ ಸುತ್ತಿನಲ್ಲಿ, ಉಳಿದರ್ಧ ಪರಿಹಾರ ಒಂದು ವರ್ಷ ಬಳಕೆಯಲ್ಲಿ ಉಳಿದ ಮೇಲೆ ಸಿಗಲಿ. ಹಿಂದಿನ ಸ್ಪರ್ಧೆಗಳ ವಿಜೇತ ಪರಿಹಾರಗಳಲ್ಲಿ ಯಾವುದು ಯಾವ ಕಚೇರಿಯಲ್ಲಿ ಚಾಲ್ತಿಯಲ್ಲಿದೆ ಎಂಬ ಪಟ್ಟಿಯನ್ನು ಸಂಘಟಕರು ಪ್ರತಿ ವರ್ಷ ಪ್ರಕಟಿಸಲಿ.

ಈಗಿರುವ ರೂಪದಲ್ಲಿ ಹ್ಯಾಕಥಾನ್ ಒಳ್ಳೆಯ ಪಾಠಶಾಲೆ, ದುರ್ಬಲ ಆಡಳಿತ ಸಾಧನ. ಅದನ್ನು ನಿಲ್ಲಿಸಬೇಕಾಗಿಲ್ಲ, ಸಚಿವಾಲಯದಿಂದ ಪಂಚಾಯಿತಿ ಕಚೇರಿಗೆ ಇಳಿಸಬೇಕಾಗಿದೆ.