ಪ್ರಶಸ್ತಿಯ ಬೆಳಕು ಯಾರ ಮೇಲೆ?

ಅಪರಾಧಿ ಹುಟ್ಟುತ್ತಾನೆಯೇ ಅಥವಾ ಸಮಾಜ ಅವನನ್ನು ರೂಪಿಸುತ್ತದೆಯೇ? ಈ ಹಳೆಯ ಪ್ರಶ್ನೆಗೆ ದೇಹ, ಮನಸ್ಸು, ಸಮಾಜ ಈ ಮೂರನ್ನೂ ಒಟ್ಟಿಗಿಟ್ಟು ಉತ್ತರ ಹುಡುಕುವ ಅಪರಾಧಶಾಸ್ತ್ರಕ್ಕೆ ಇಂದು ದೊಡ್ಡ ಮನ್ನಣೆಯಿದೆ. 2006ರಲ್ಲಿ ಆರಂಭವಾದ ಸ್ಟಾಕ್‌ಹೋಮ್ ಅಪರಾಧಶಾಸ್ತ್ರ ಪ್ರಶಸ್ತಿಯನ್ನು ಮರುವರ್ಷವೇ ಆಲ್ಫ್ರೆಡ್ ಬ್ಲಮ್‌ಸ್ಟೀನ್ ಜೊತೆ ಹಂಚಿಕೊಂಡ ಮನಶ್ಶಾಸ್ತ್ರಜ್ಞೆ ಟೆರ್ರಿ ಮಾಫಿಟ್ ಈ ಧಾರೆಯ ಪ್ರಮುಖರು.

ನ್ಯೂಜಿಲೆಂಡಿನ ಡ್ಯುನೆಡಿನ್ ನಗರದಲ್ಲಿ 1972-73ರಲ್ಲಿ ಹುಟ್ಟಿದ ಸುಮಾರು ಸಾವಿರ ಮಕ್ಕಳ ಬದುಕನ್ನು ದಶಕಗಳ ಕಾಲ ಗಮನಿಸಿದ ಅಧ್ಯಯನವೊಂದಿದೆ. ಅದರ ಆಧಾರದಲ್ಲಿ ಮಾಫಿಟ್ ಮತ್ತು ಸಂಗಡಿಗರು 2002ರಲ್ಲಿ ಹೇಳಿದ್ದಿಷ್ಟು: ಎಂಎಓಎ ಎಂಬ ಜೀನಿನ ಒಂದು ರೂಪವಿದ್ದ ಹುಡುಗರು ಬಾಲ್ಯದಲ್ಲಿ ಹಿಂಸೆಗೆ ಒಳಗಾಗಿದ್ದರೆ, ಅವರಲ್ಲಿ ಮುಂದೆ ಸಮಾಜವಿರೋಧಿ ವರ್ತನೆ ಹೆಚ್ಚು. ಹಿಂಸೆ ಅನುಭವಿಸದವರಲ್ಲಿ ಅದೇ ಜೀನು ಅಂಥ ಪರಿಣಾಮ ಬೀರಲಿಲ್ಲ. ನಂತರದ ಅಧ್ಯಯನಗಳೆಲ್ಲವೂ ಇದನ್ನು ಒಂದೇ ಬಲದಿಂದ ಸಮರ್ಥಿಸಿಲ್ಲ.

ಆದರೆ ಜನರ ಬಾಯಲ್ಲಿ ಉಳಿದದ್ದು ಅರ್ಧ ಸತ್ಯ. ಜೀನಿಗೆ ‘ಯೋಧ ಜೀನು’ ಎಂಬ ಅಡ್ಡಹೆಸರು ಬಂತು. 2006ರಲ್ಲಿ ಅದೇ ನ್ಯೂಜಿಲೆಂಡಿನಲ್ಲಿ ಅದನ್ನು ಮಾವೋರಿ ಮೂಲನಿವಾಸಿಗಳಿಗೆ ತಳಕುಹಾಕಿ ದೊಡ್ಡ ವಿವಾದವೆದ್ದಿತು. ಏಟು ತಿಂದ ಮಗುವಿನ ಕಥೆ ಒಂದು ಜನಾಂಗದ ರಕ್ತದ ಕಥೆಯಾಯಿತು.

ಈ ಅಪಾಯ ನಮಗೆ ಹೊಸದಲ್ಲ. ಬ್ರಿಟಿಷರು 1871ರಲ್ಲಿ ತಂದ ಕಾಯ್ದೆ ಇಡೀ ಸಮುದಾಯಗಳನ್ನು ಅಪರಾಧಿ ಬುಡಕಟ್ಟುಗಳೆಂದು ಪಟ್ಟಿಮಾಡಿತು. ಅಂಥವರನ್ನು ಹುಬ್ಬಳ್ಳಿಯಲ್ಲಿ ಕೂಡಿಹಾಕಿದ್ದ ಜಾಗಕ್ಕೆ ‘ಸೆಟ್ಲ್‌ಮೆಂಟ್’ ಎಂಬ ಹೆಸರು ಅಂಟಿಕೊಂಡಿತು. ಕಾಯ್ದೆ 1952ರಲ್ಲಿ ಹೋಯಿತು, ಹಣೆಪಟ್ಟಿ ಹೋಗಲಿಲ್ಲ. ಏನಾದರೂ ನಡೆದಾಗ ಹೆಸರು, ವೇಷ ನೋಡಿಯೇ ಸಂಶಯಪಡುವವರ ನಡುವೆ ಬದುಕುವ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಹಾಗೆಂದು ಸಂಶೋಧನೆಯನ್ನೇ ದೂರುವುದು ತಪ್ಪು. 2008ರಲ್ಲಿ ಜೊನಾಥನ್ ಶೆಫರ್ಡ್ ಜೊತೆ ಇದೇ ಪ್ರಶಸ್ತಿ ಪಡೆದ ಡೇವಿಡ್ ಓಲ್ಡ್ಸ್ ಅಮೆರಿಕದ ಎಲ್ಮೈರಾದಲ್ಲಿ ಚೊಚ್ಚಲ ಬಸುರಿಯರ ಮನೆಗೆ ದಾದಿಯರನ್ನು ಕಳುಹಿಸಿದರು. ಗರ್ಭಿಣಿಯ ಆರೋಗ್ಯ, ಮಗುವಿನ ಆರೈಕೆ, ತಾಯಿಯ ಓದು-ಉದ್ಯೋಗ ಎಲ್ಲವೂ ಆ ಭೇಟಿಗಳ ವಿಷಯ. ಹದಿನೈದು ವರ್ಷಗಳ ಬಳಿಕ ನೋಡಿದಾಗ, ಬಡ, ಅವಿವಾಹಿತ ತಾಯಂದಿರ ಮಕ್ಕಳಲ್ಲಿ ಬಂಧನಕ್ಕೊಳಗಾದ ಪ್ರಸಂಗಗಳು ಕಡಿಮೆಯಿದ್ದವು.

ಪ್ರತಿ ಮಗುವೂ ನಿರ್ಮಲ ಪ್ರಕೃತಿಯೊಂದಿಗೆ ಹುಟ್ಟುತ್ತದೆ ಎಂಬುದು ನಮ್ಮ ನಂಬಿಕೆ. ನಂಬಿಕೆಯನ್ನು ಪ್ರಯೋಗಾಲಯ ಸಾಬೀತುಪಡಿಸಬೇಕೆಂದು ನಾವು ಕೇಳುವುದಿಲ್ಲ. ಪ್ರಶಸ್ತಿ ಕೊಡುವವರಲ್ಲಿ ನಮ್ಮ ಕೋರಿಕೆ ಬೇರೆ. ಜೀನಿನ ಶೋಧವನ್ನು ಗೌರವಿಸುವಾಗ ಅದರ ಜೊತೆಗಿರುವ ಬಾಲ್ಯದ ಗಾಯವನ್ನೂ ಅಷ್ಟೇ ಗಟ್ಟಿಯಾಗಿ ಹೇಳಿರಿ. ಜೀನನ್ನು ನಾವು ಬದಲಿಸಲಾರೆವು, ಮಗುವಿನ ಮೇಲೆ ಎತ್ತಿದ ಕೈಯನ್ನು ತಡೆಯಬಲ್ಲೆವು.